ನಿಮ್ಮ ದೇವರು ಯಾವ ಕಾಲಂನಲ್ಲಿ ಬರ್ತಾರೆ?



ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪ್ ಹೆಸರು ಕೇಳಿದ್ದೀರಾ? ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಭೂಮಿ ಕೊಟ್ಟು ನೆಲೆ ಮಾಡಿಸಿದ ಜಾಗ. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ನಮ್ಮ ರಾಯಚೂರು ಕನ್ನಡ.

ಇವತ್ತಿನ ವಿಷಯ ಜೈನರು ಮತ್ತು ಹಿಂದೂಗಳು. ಇದರಲ್ಲಿ ಆರ್.ಎಚ್. ಕ್ಯಾಂಪ್ ಎಲ್ಲಿಂದ ಬಂತು ಅಂತೀರಾ? ಹೇಳ್ತೀನಿ.

ಆ ಜನರ ಮೂಲ ನೆಲ ಪೂರ್ವ ಬಂಗಾಳ. ಅಲ್ಲಿಯ ಹಳ್ಳಿಗಳಲ್ಲಿ ಹಾವಿನ ಭಯಕ್ಕೆ ಪೂಜೆ ಮಾಡೋ ದೇವಿ ಮನಸಾ. ಆಕೆಗೆ ಇನ್ನೊಂದು ಹೆಸರಿದೆ: ಪದ್ಮಾವತಿ. ಈಗ ನಮ್ಮ ಶಿವಮೊಗ್ಗ ಜಿಲ್ಲೆಯ ಹೊಂಬುಜಕ್ಕೆ ಬನ್ನಿ. ಅಲ್ಲಿ ಜೈನರ ಯಕ್ಷಿ, 23ನೇ ತೀರ್ಥಂಕರ ಪಾರ್ಶ್ವನಾಥರ ಶಾಸನದೇವತೆ. ಆಕೆಗೂ ಹಾವಿನ ಹೆಡೆಯ ನಂಟು. ಆಕೆಯ ಹೆಸರೂ ಪದ್ಮಾವತಿ!

ಇಬ್ಬರೂ ಒಬ್ಬಳೇ ಅಂತ ನಾನು ಹೇಳ್ತಿಲ್ಲ. ಅದನ್ನು ತೀರ್ಮಾನ ಮಾಡೋಕೆ ನಾನ್ಯಾರು? ಆದರೆ ಒಂದು ಗಮನಿಸಿ. ಜೈನ ಧರ್ಮದಲ್ಲಿ ತೀರ್ಥಂಕರ ವರ ಕೊಡಲ್ಲ. ಆತ ರಾಗದ್ವೇಷ ಗೆದ್ದವನು, ನಮ್ಮ ಹರಕೆಗೆ ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಮಕ್ಕಳಾಗಲಿ, ಮದುವೆಯಾಗಲಿ, ಕಾಯಿಲೆ ಹೋಗಲಿ ಅಂತ ಜನ ಕೇಳೋದು ಯಕ್ಷಿಯನ್ನ. ಹಾಗಾಗಿ ಹೊಂಬುಜದ ಪದ್ಮಾವತಿಯ ಮುಂದೆ ಜೈನ ತಾಯಿಯ ಪಕ್ಕದಲ್ಲೇ ಹಿಂದೂ ತಾಯಿಯೂ ಕೈಮುಗಿದು ನಿಲ್ತಾಳೆ. ಹರಕೆ ಹೊತ್ತವಳಿಗೆ ಧರ್ಮದ ಕಾಲಂ ನೆನಪಾಗುತ್ತಾ? ಇಲ್ಲ ಸ್ವಾಮಿ.

ಕಾಲಂ ನೆನಪಾಗೋದು ಯಾರಿಗೆ ಗೊತ್ತಾ? ನಮಗೆ. ಟಿವಿಯವರಿಗೆ. ಪರದೆ ಮೇಲೆ ನಾಲ್ಕು ಕಿಟಕಿ ತೆರೆದು, "ಧರ್ಮಸ್ಥಳ ಜೈನರದ್ದಾ, ಹಿಂದೂಗಳದ್ದಾ?" ಅಂತ ಕೇಳಿದ್ರೆ ಅರ್ಧ ಗಂಟೆ ಸಲೀಸಾಗಿ ಓಡುತ್ತೆ. ಅಂಥ ಚರ್ಚೆ ನಾನೂ ನಡೆಸಿದ್ದೀನಿ. ಒಪ್ಪಿಕೊಳ್ತೀನಿ.

ಉತ್ತರ ಏನು? ದೇವರು ಮಂಜುನಾಥ, ಅಂದ್ರೆ ಶಿವ. ಪೂಜೆ ಮಾಡುವವರು ಮಾಧ್ವ ವೈಷ್ಣವ ಅರ್ಚಕರು. ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಅದೇ ಊರಲ್ಲಿ ಚಂದ್ರನಾಥ ಬಸದಿ ಇದೆ, ತುಳುನಾಡಿನ ದೈವಗಳಿವೆ, 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿ ಇದ್ದಾನೆ. ಯಾವ ಕಾಲಂನಲ್ಲಿ ತುಂಬ್ತೀರಿ?

ಹಾಗಂತ ಎಲ್ಲವೂ ಯಾವಾಗಲೂ ಚೆನ್ನಾಗೇ ಇತ್ತು ಅಂದ್ರೆ ಸುಳ್ಳಾಗುತ್ತೆ. 1638ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಒಬ್ಬರು ಲಿಂಗಮುದ್ರೆ ಒತ್ತಿದರು. ಜೈನರೊಬ್ಬರು ಅದನ್ನು ಅಳಿಸಿದರು. ಜಗಳ ಆಯ್ತು. ಮುಖಂಡರು ಕೂತು ಬಗೆಹರಿಸಿದರು. ಏನಂತ? ಜೈನರು ಮೊದಲು ವಿಭೂತಿ, ವೀಳ್ಯ ಸಲ್ಲಿಸಲಿ, ಆಮೇಲೆ ತಮ್ಮ ಪೂಜೆ ಮಾಡ್ಕೊಳ್ಳಲಿ. ರಾಜಿ ಆಯ್ತು ನಿಜ. ಆದರೆ ಬಗ್ಗಿದವರು ಯಾರು? ಸಂಖ್ಯೆ ಕಡಿಮೆ ಇದ್ದವರು.

ಇನ್ನೊಂದು ರಾಜಿ ನೋಡಿ. 1368. ಆನೆಗೊಂದಿ, ಪೆನುಗೊಂಡೆ, ಇನ್ನೂ ಹಲವು ಕಡೆಯ ಜೈನರು ಒಟ್ಟಾಗಿ ವಿಜಯನಗರದ ಬುಕ್ಕರಾಯನ ಹತ್ತಿರ ಬಂದರು. ಶ್ರೀವೈಷ್ಣವರಿಂದ ನಮಗೆ ಅನ್ಯಾಯ ಆಗ್ತಿದೆ ಅಂದರು. ಆನೆಗೊಂದಿ ಸಿಂಧನೂರಿಗೆ ದೂರದ ಊರೇನಲ್ಲ. ಗಂಗಾವತಿ ದಾಟಿದ್ರೆ ಬಂತು. ರಾಜ ಏನು ಮಾಡಿದ? ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಪಂಚಮಹಾವಾದ್ಯ, ಕಲಶ ಜೈನರಿಗೂ ಸಲ್ಲುತ್ತೆ ಅಂದ. ಅಲ್ಲಿಗೇ ನಿಲ್ಲಲಿಲ್ಲ. ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸುವ ಹೊಣೆ ವೈಷ್ಣವರಿಗೆ! ಖರ್ಚಿಗೆ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ. ಉಳಿದ ದುಡ್ಡಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ. ಈ ಶಾಸನ ಇವತ್ತೂ ಶ್ರವಣಬೆಳಗೊಳದಲ್ಲಿದೆ.

ದುಡ್ಡು ಕೊಟ್ಟವರು ಜೈನರೇ, ಅದನ್ನು ಮುಚ್ಚಿಡೋದು ಬೇಡ. ಆದರೆ ತೀರ್ಪಿನ ಬುದ್ಧಿ ನೋಡಿ. ಬುಕ್ಕರಾಯ ಯಾರನ್ನೂ ಮತಾಂತರ ಮಾಡಿಸಲಿಲ್ಲ. "ನೀವೂ ವೈಷ್ಣವರೇ ಬಿಡಿ, ಸುಮ್ಮನಿರಿ" ಅನ್ನಲಿಲ್ಲ. ಯಾರ ಮೇಲೆ ದೂರಿತ್ತೋ ಅವರನ್ನೇ ಕಾವಲಿಗೆ ನಿಲ್ಲಿಸಿದ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಜೈನರು ಸುಮಾರು 4 ಲಕ್ಷ 40 ಸಾವಿರ. ನೂರಕ್ಕೆ ಒಬ್ಬರೂ ಇಲ್ಲ. 2014ರಲ್ಲಿ ಕೇಂದ್ರ ಅವರನ್ನು ಅಲ್ಪಸಂಖ್ಯಾತರು ಅಂತ ಘೋಷಿಸಿತು. ಅವರಿಗೆ ಎರಡು ಕಡೆಯಿಂದ ಮಾತು ಬರುತ್ತೆ. ಒಂದು, "ನೀವೆಲ್ಲ ಹಿಂದೂಗಳೇ, ಬೇರೆ ಯಾಕೆ?" ಇನ್ನೊಂದು, "ನೀವು ಹಿಂದೂಗಳಲ್ಲ, ನಮ್ಮ ದೇವಸ್ಥಾನದಲ್ಲಿ ನಿಮಗೇನು ಕೆಲಸ?" ಮೊದಲನೆಯದು ನುಂಗುವ ಮಾತು. ಎರಡನೆಯದು ಹೊರಹಾಕುವ ಮಾತು. ಮಂಜುನಾಥನ ಸನ್ನಿಧಿಯಲ್ಲೂ ಹೊಂಬುಜದಲ್ಲೂ ನಡೀತಿರೋದು ಇವೆರಡೂ ಅಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಸೇತುವೆ ಕಟ್ಟುವಾಗ ಎರಡು ಸ್ಲ್ಯಾಬ್ ಮಧ್ಯೆ ಬೇಕಂತಲೇ ಸಣ್ಣ ಸಂದು ಬಿಡ್ತೀವಿ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿದಾಗ ಜಾಗ ಇರಲಿ ಅಂತ. ಆ ಸಂದು ಮುಚ್ಚಿದ್ರೆ ಬಿರುಕು ಬಿಡುತ್ತೆ, ಅತಿಯಾಗಿ ಅಗಲ ಮಾಡಿದ್ರೆ ಗಾಡಿ ಹೋಗಲ್ಲ. ಇಷ್ಟೇ ಲೆಕ್ಕ.

ನೆಲ ಕಳೆದುಕೊಂಡು ಬಂದವರ ಆರ್.ಎಚ್. ಕ್ಯಾಂಪ್ ನನಗೆ ನೆನಪಾಗೋದು ಅದಕ್ಕೇ. ನೀವು ಯಾವ ಕಡೆಯವರು ಅಂತ ಜನರನ್ನು ವಿಂಗಡಿಸಿದ್ರೆ ಏನಾಗುತ್ತೆ ಅಂತ ಅಲ್ಲಿಯ ಹಿರಿಯರು ಪುಸ್ತಕ ಓದಿ ಕಲಿತಿಲ್ಲ.

ಮುಂದಿನ ಸಲ ನಮ್ಮಂಥ ಯಾರಾದ್ರೂ ಟಿವಿಯಲ್ಲಿ "ಈ ದೇವರು ಯಾರದ್ದು?" ಅಂತ ಕೂಗಿದ್ರೆ, ನೀವು ತಿರುಗಿ ಒಂದೇ ಪ್ರಶ್ನೆ ಕೇಳಿ: "ಕಾವಲಿಗೆ ಯಾರು ನಿಲ್ತೀರಿ?"