ಠಾಣೆಯ ಲೆಕ್ಕ, ಊರಿನ ಲೆಕ್ಕ

(ಪುತ್ತೂರಿನ ಸಭೆಯೊಂದರಲ್ಲಿ ಆಡಿದ ಮಾತಿನ ಪಠ್ಯ)



ಅಂಗಳದಲ್ಲಿ ಒಣಹಾಕಿದ ಅಡಿಕೆ ಬೆಳಗಾಗುವಾಗ ಇಲ್ಲವೆಂದಾದರೆ ಪುತ್ತೂರು, ಸುಳ್ಯ, ಕಡಬದ ಕೃಷಿಕರು ಏನು ಮಾಡುತ್ತಾರೆ? ಕೆಲವರು ಠಾಣೆಗೆ ಹೋಗುತ್ತಾರೆ. ಕೆಲವರು ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಹರಕೆ ಹೇಳಿಕೊಳ್ಳುತ್ತಾರೆ. ‘ಅಲೆದಾಟ ಯಾರಿಗೆ ಬೇಕು’ ಎಂದು ಸುಮ್ಮನಾಗುವವರೂ ಇದ್ದಾರೆ. ದೇಶದ ಲೆಕ್ಕಕ್ಕೆ ಸಿಗುವುದು ಮೊದಲಿನವರ ನಷ್ಟ ಮಾತ್ರ. ಅದೂ ಎಫ್‌ಐಆರ್ ಆದರೆ.

ಈ ಲೆಕ್ಕ ‘ಕ್ರೈಂ ಇನ್ ಇಂಡಿಯಾ’ ಎಂಬ ಹೆಸರಿನಲ್ಲಿ 1953ರಿಂದ ಬರುತ್ತಿದೆ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಈಗ ಅದನ್ನು ಹೊರತರುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನೇ ಎಣಿಸುವುದು ಅದರ ನಿಯಮ. ಕಳ್ಳತನಕ್ಕೆ ಬಂದವನು ಕೊಲೆ ಮಾಡಿದರೆ ಲೆಕ್ಕದಲ್ಲಿ ಉಳಿಯುವುದು ಕೊಲೆ.

ಇನ್ನು, ವರದಿಯೇ ಬಾರದಿದ್ದರೆ? 2019ರ ಸಂಪುಟಕ್ಕೆ ಪಶ್ಚಿಮ ಬಂಗಾಳದ ಅಂಕಿಅಂಶ ಸಕಾಲಕ್ಕೆ ತಲುಪಲಿಲ್ಲ. ಅಲ್ಲಿ 2018ರ ಅಂಕಿಗಳನ್ನೇ ಹಾಕಲಾಯಿತು. ಅಮೆರಿಕದಲ್ಲಿ 2021ರಲ್ಲಿ ಹೊಸ ವರದಿ ಪದ್ಧತಿ ಬಂದಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳ ಪೊಲೀಸರ ವಿವರ ಸಿಗದೆ, ವರದಿ ಕೊಟ್ಟ ಊರುಗಳ ಆಧಾರದಲ್ಲಿ ಇಡೀ ದೇಶದ ಅಂದಾಜು ಮಾಡಬೇಕಾಯಿತು.

ಹೀಗೆ ತುಂಬಿಸುವುದರ ಹಿಂದೆ ಒಂದು ನಂಬಿಕೆಯಿದೆ: ವರದಿ ಕೊಡದವರು ಕೊಟ್ಟವರಂತೆಯೇ ಇರುತ್ತಾರೆ. ಆದರೆ ಕಾಡಂಚಿನ ಕಡಬದ ಲೆಕ್ಕ ಬಾರದಿದ್ದರೆ, ಪೇಟೆಯಾದ ಪುತ್ತೂರಿನ ಲೆಕ್ಕದಿಂದ ಅದನ್ನು ಊಹಿಸಬಹುದೇ?

ಜಾಲ್ಸೂರು ದಾಟಿದರೆ ಕಾಸರಗೋಡು. ಪುಸ್ತಕದ ಪ್ರಕಾರ ಕೇರಳದ ಅಪರಾಧ ಪ್ರಮಾಣ ದೇಶದ ದೊಡ್ಡ ಪ್ರಮಾಣಗಳಲ್ಲಿ ಒಂದು. ಗಡಿ ದಾಟಿದ ಕೂಡಲೇ ಜನ ಕೆಟ್ಟವರಾಗುವುದಿಲ್ಲ. ಅಲ್ಲಿ ಸಣ್ಣಪುಟ್ಟ ಪ್ರಕರಣವೂ ದಾಖಲಾಗುವುದು ಹೆಚ್ಚು. ಅಪರಾಧ ಹೆಚ್ಚುವುದೂ ನೋಂದಣಿ ಹೆಚ್ಚುವುದೂ ಬೇರೆ ಬೇರೆ ಎಂದು ಬ್ಯೂರೋ ತಾನೇ ಎಚ್ಚರಿಸಿದೆ.

ಹಾಗಾದರೆ ದಾರಿಯೇನು? ಮನೆಮನೆಗೆ ಹೋಗಿ ‘ನಿಮಗೇನಾದರೂ ನಷ್ಟವಾಯಿತೇ, ದೂರು ಕೊಟ್ಟಿರಾ’ ಎಂದು ಕೇಳುವುದು. ಅಮೆರಿಕದಲ್ಲಿ 1973ರಿಂದ, ಬ್ರಿಟನ್‌ನಲ್ಲಿ 1982ರಿಂದ ಈ ಸಮೀಕ್ಷೆ ನಡೆಯುತ್ತಿದೆ. 2017ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದ ನಾಲ್ಕು ನಗರಗಳ ಸಮೀಕ್ಷೆಯಲ್ಲಿ, ಕಳ್ಳತನವಾದವರಲ್ಲಿ ಎಫ್‌ಐಆರ್‌ವರೆಗೆ ಹೋದವರು ತೀರಾ ಕಡಿಮೆ ಎಂದು ಕಂಡುಬಂತು. ನಮ್ಮ ಹಳ್ಳಿಗಳನ್ನು ಹೀಗೆ ಕೇಳಿದವರು ಯಾರು?

ದಾಖಲಿಸುವುದು ಪೊಲೀಸರ ಮರ್ಜಿಯಲ್ಲ. ಠಾಣಾಧಿಕಾರಿ ತನಿಖೆ ಮಾಡಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯವೆಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹರಕೆ ಹೇಳಿಕೊಳ್ಳಿ, ಬೇಡವೆನ್ನುವುದಿಲ್ಲ. ಜತೆಗೆ ಠಾಣೆಗೂ ಹೋಗಿ. ಪುಸ್ತಕದಲ್ಲಿ ಕಳ್ಳತನವೇ ಇಲ್ಲದ ಊರಿಗೆ ರಾತ್ರಿ ಗಸ್ತು ಬೇಕೆಂದು ಕೇಳುವುದು ಹೇಗೆ?