ಸಾಧನೆಯಲ್ಲಿ ವಿಶ್ರಾಂತಿಯ ಪಾಲು



ಕ್ರೀಡಾಕೂಟ ಹತ್ತಿರ ಬಂತೆಂದರೆ ನಮ್ಮ ಮಕ್ಕಳು ಬೆಳಿಗ್ಗೆ-ಸಂಜೆ ಸುಸ್ತಾಗಿ ಬೀಳುವವರೆಗೂ ಓಡುತ್ತಾರೆ. ಹೆಚ್ಚು ಓಡಿದಷ್ಟೂ ವೇಗ ಹೆಚ್ಚುತ್ತದೆಂಬ ನಂಬಿಕೆ ಅವರದು. ವ್ಯಾಯಾಮ ವಿಜ್ಞಾನ ಇದನ್ನು ಪೂರ್ತಿ ಒಪ್ಪುವುದಿಲ್ಲ. ಏಕೆಂದು ಒಬ್ಬ ವೈದ್ಯಕೀಯ ವಿದ್ಯಾರ್ಥಿಯ ಉದಾಹರಣೆಯಿಂದ ಹೇಳುತ್ತೇನೆ.

ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 1500 ಮೀಟರ್ ಓಟದಲ್ಲಿ ನಾಲ್ಕನೆಯವರಾದರು, ಪದಕ ಕೈತಪ್ಪಿತು. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡುವುದು ಅವರ ಮುಂದಿನ ಗುರಿಯಾಯಿತು. ಆವರೆಗೆ ಯಾರೂ ಅದನ್ನು ಸಾಧಿಸಿರಲಿಲ್ಲ. ಓದಿನ ನಡುವೆ ಅಭ್ಯಾಸಕ್ಕೆ ಅವರಿಗೆ ಸಿಗುತ್ತಿದ್ದುದು ಮಧ್ಯಾಹ್ನದ ಊಟದ ಬಿಡುವು. ಕಾಲು ಮೈಲಿಯಂತೆ ಹತ್ತು ಓಟ, ನಡುನಡುವೆ ಎರಡು ನಿಮಿಷದ ಬಿಡುವು. ಹೀಗೆ ಕಾಲು ಮೈಲಿಯ ಸಮಯ 66 ಸೆಕೆಂಡಿನಿಂದ 61ಕ್ಕೆ ಇಳಿಯಿತು. ಗುರಿ ಮುಟ್ಟಲು 60 ಬೇಕಿತ್ತು. ಎಷ್ಟು ಪ್ರಯತ್ನಿಸಿದರೂ 61 ಕದಲಲಿಲ್ಲ.

ಆಗ ಅವರು ಓಟವನ್ನೇ ಬಿಟ್ಟು ಕೆಲವು ದಿನ ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಹೋದರು. ಮರಳಿ ಬಂದು ಓಡಿದಾಗ 59 ಸೆಕೆಂಡ್! ಸ್ಪರ್ಧೆಗೆ ಮುಂಚಿನ ಕೆಲವು ದಿನವೂ ಅಭ್ಯಾಸ ನಿಲ್ಲಿಸಿದರು. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಮುಗಿಸಿದರು.

ಇದರಲ್ಲಿ ಪವಾಡವೇನಿಲ್ಲ. ಕಠಿಣ ವ್ಯಾಯಾಮ ಸ್ನಾಯುಗಳನ್ನು ದಣಿಸುತ್ತದೆ, ಅವುಗಳಲ್ಲಿ ಶೇಖರವಾದ ಇಂಧನವನ್ನು ಖರ್ಚುಮಾಡುತ್ತದೆ. ದೇಹ ದುರಸ್ತಿಯಾಗಿ ಮೊದಲಿಗಿಂತ ಬಲಗೊಳ್ಳುವುದು ಆನಂತರದ ಆಹಾರ, ನಿದ್ದೆ, ಬಿಡುವಿನಲ್ಲಿ. ತಿಂಗಳುಗಟ್ಟಲೆ ಈ ಕ್ರಮ ಪಾಲಿಸಿದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಪಂಪ್ ಮಾಡುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಬಿಡುವೇ ಇಲ್ಲದಿದ್ದರೆ ವೇಗ ಕುಗ್ಗುತ್ತದೆ, ಕಾಲುನೋವು ಕಾಡುತ್ತದೆ. ಎಷ್ಟೋ ಮಕ್ಕಳು ಮೈದಾನವನ್ನೇ ತೊರೆಯುತ್ತಾರೆ.

ಆದ್ದರಿಂದ ವಿದ್ಯಾರ್ಥಿಗಳೇ, ತಿಂಗಳುಗಳ ಮೊದಲೇ ಅಭ್ಯಾಸ ಆರಂಭಿಸಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ನಿಮ್ಮ ಸಮಯವನ್ನು ಪುಸ್ತಕದಲ್ಲಿ ಬರೆದಿಡಿ. ಕಠಿಣ ಅಭ್ಯಾಸದ ಮರುದಿನ ಹಗುರ ಅಭ್ಯಾಸವಿರಲಿ. ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ನಿದ್ದೆ ಮಾಡಿ. ಪೋಷಕರೇ, ಅಧ್ಯಾಪಕರೇ, ಬಿಡುವಿನಲ್ಲಿರುವ ಮಗುವನ್ನು ಸೋಮಾರಿ ಎನ್ನಬೇಡಿ.

ಬ್ಯಾನಿಸ್ಟರ್ ಮುಂದೆ ಹೆಸರಾಂತ ನರರೋಗ ತಜ್ಞರಾದರು. ವಿದ್ಯಾರ್ಥಿಯಾಗಿದ್ದಾಗ ಅವರು ಓದು, ಆಟ ಎರಡನ್ನೂ ಲೆಕ್ಕಾಚಾರದಿಂದ ಒಟ್ಟಿಗೆ ನಡೆಸಿದರು. ನಿಮಗೂ ಅದು ಸಾಧ್ಯವಾಗಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.