ಹತ್ತನೇ ತರಗತಿ ಆದಮೇಲಿನ ಹತ್ತು ದಿನ



ಶಾಲೆಗೆ ಐವತ್ತು ವರ್ಷ ತುಂಬಿದ ಈ ಹೊತ್ತಿನಲ್ಲಿ ನನ್ನ ಒಂದು ಸೋಲಿನ ಕಥೆ ಹೇಳುತ್ತೇನೆ.

ಇಲ್ಲಿ ಒಳ್ಳೆಯ ಅಂಕ ತೆಗೆದು ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಮೊದಲ ದಿನ ಮೇಷ್ಟ್ರು ‘ಆಕ್ಸಿಲರೇಶನ್’ ಎಂದರು. ಅದು ನಾವು ಇಲ್ಲಿ ಕಲಿತ ವೇಗೋತ್ಕರ್ಷವೇ ಎಂದು ಗೊತ್ತಾಗಲು ನನಗೆ ವಾರ ಹಿಡಿಯಿತು. ಕೇಳೋಣವೆಂದರೆ ನಾಚಿಕೆ. ಮೊದಲ ಟೆಸ್ಟಿನಲ್ಲಿ ಎರಡು ವಿಷಯ ಹೋಯಿತು. ಮನೆಗೆ ಫೋನ್ ಮಾಡಿ, “ಅಪ್ಪಾ, ವಾಪಸ್ ಬರ್ತೀನಿ” ಎಂದೆ. ಅಪ್ಪ, “ತೋಟ ಎಲ್ಲಿಗೂ ಹೋಗಲ್ಲ ಮಗಾ, ಇನ್ನೊಂದು ತಿಂಗಳು ನೋಡು” ಎಂದರು. ಆ ತಿಂಗಳಲ್ಲಿ ಹಾಸ್ಟೆಲಿನ ಸೀನಿಯರ್ ಒಬ್ಬರು ರಾತ್ರಿ ಕೂರಿಸಿಕೊಂಡು ಕನ್ನಡ ಪದದ ಎದುರು ಇಂಗ್ಲಿಷ್ ಪದ ಬರೆಸಿದರು. ನಾನು ಉಳಿದೆ.

ನನ್ನ ಜೊತೆ ಸೇರಿದ್ದ ಗೆಳೆಯ ಉಳಿಯಲಿಲ್ಲ. ಗಣಿತದಲ್ಲಿ ಅವನು ನನಗಿಂತ ಜಾಣ. ಮೂರೇ ತಿಂಗಳಿಗೆ ಊರಿಗೆ ಬಂದ. ಇಂದು ಒಳ್ಳೆಯ ಅಡಿಕೆ ತೋಟ ಮಾಡಿದ್ದಾನೆ, ಅದು ಸಣ್ಣ ಕೆಲಸವಲ್ಲ. ಆದರೆ ಅದನ್ನು ಅವನು ಆರಿಸಿಕೊಂಡಿರಲಿಲ್ಲ. ಅವನಿಗೆ ಲೆಕ್ಕ ಬರುತ್ತಿತ್ತು, ಲೆಕ್ಕದ ಇಂಗ್ಲಿಷ್ ಹೆಸರು ಬರುತ್ತಿರಲಿಲ್ಲ, ಅಷ್ಟೆ.

ಈಗ ಕಾಲ ಬದಲಾಗಿದೆ. ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ ಪಾಠಕ್ಕೆ ಮೊದಲು ಮೂರು ವಾರಗಳ ಪರಿಚಯ ಕಾರ್ಯಕ್ರಮ ನಡೆಸಬೇಕೆಂದು ಎಐಸಿಟಿಇ 2017ರಲ್ಲಿ ಹೇಳಿತು. ಆಟ, ಕಲೆ, ಮಾನವೀಯ ಮೌಲ್ಯಗಳ ಚರ್ಚೆ, ಸುತ್ತಲಿನ ಊರುಗಳ ಭೇಟಿ, ಭಾಷೆಯಲ್ಲಿ ಹಿಂದುಳಿದವರಿಗೆ ಹೆಚ್ಚಿನ ಪಾಠ, ಎಲ್ಲವೂ ಅದರಲ್ಲಿವೆ. ಸಣ್ಣ ಸಣ್ಣ ಗುಂಪಿಗೆ ಒಬ್ಬೊಬ್ಬ ಅಧ್ಯಾಪಕರ ಮಾರ್ಗದರ್ಶನವೂ ಇದೆ. 2019ರಲ್ಲಿ ಯುಜಿಸಿ ಉಳಿದ ಪದವಿ ಕಾಲೇಜುಗಳಿಗೂ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಇಂಥದ್ದೇ ಮಾರ್ಗಸೂಚಿ ತಂದಿತು. ಒಳ್ಳೆಯದೇ. ಆದರೆ ಇವೆರಡೂ ಪಿಯುಸಿ ದಾಟಿದವರಿಗೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಎಡವುವುದು ಅದಕ್ಕೂ ಎರಡು ವರ್ಷ ಮೊದಲು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಎಸ್‌ಎಸ್‌ಎಲ್‌ಸಿ ಮುಗಿದ ರಜೆಯಲ್ಲಿ, ಇದೇ ಶಾಲೆಯಲ್ಲಿ, ಹತ್ತು ದಿನ ನಾವೇ ಪಾಠ ಮಾಡೋಣ. ವರ್ಗಸಮೀಕರಣಕ್ಕೆ, ದ್ಯುತಿಸಂಶ್ಲೇಷಣೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ, ವಿದ್ಯಾರ್ಥಿವೇತನಕ್ಕೆ ಯಾವ ಕಾಗದ ಬೇಕು, ಹಾಸ್ಟೆಲ್ ಅರ್ಜಿ ಹೇಗೆ ತುಂಬುವುದು, ಸ್ಟಾಫ್ ರೂಮಿಗೆ ಹೋಗಿ ಅನುಮಾನ ಕೇಳುವುದು ಹೇಗೆ, ಇಷ್ಟು ಸಾಕು. ಮೊದಲ ವರ್ಷ ಗಣಿತದ ಪಾಠ ನನ್ನದು. ರಜೆ ಹಾಕಿ ಬರುತ್ತೇನೆ.

ಮಕ್ಕಳೇ, ಕೊನೆಯ ಮಾತು. ಕಾಲೇಜಿನಲ್ಲಿ ಯಾವ ಊರು ಎಂದು ಕೇಳಿದರೆ ನಾನು ಸಂಕೋಚದಿಂದ “ತರೀಕೆರೆ ಕಡೆ” ಎನ್ನುತ್ತಿದ್ದೆ. 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯ ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನೀವು ಧೈರ್ಯವಾಗಿ “ಅಮೃತಾಪುರ” ಎನ್ನಿ. ಅರ್ಥವಾಗದ್ದನ್ನೂ ಅದೇ ಧೈರ್ಯದಿಂದ ಕೇಳಿ.